ಭಾರತದಲ್ಲಿ ಫ್ರೆಂಚರು ಹೇಗೆ ಸೊರಗಿದರು: ನಕ್ಷೆ ಹಿಡಿದು ಓದುವ ರೀತಿ

1760, ತಮಿಳುನಾಡಿನ ವಾಂಡಿವಾಷ್ ಕದನ, ಇಂಗ್ಲಿಷರ ಎದುರು ಫ್ರೆಂಚರಿಗೆ ಸೋಲು. ಇಷ್ಟನ್ನು ಬಾಯಿಪಾಠ ಮಾಡಿ ಮುಂದೆ ಹೋಗಬೇಡಿ. ಯಾಕೆ ಸೋತರು ಅನ್ನೋದೇ ಇಲ್ಲಿ ಮುಖ್ಯ ಅಲ್ವಾ?

ಮೊದಲು ಭಾರತದ ಖಾಲಿ ನಕ್ಷೆಯಲ್ಲಿ ಫ್ರೆಂಚರ ಐದು ನೆಲೆಗಳನ್ನು ಗುರುತಿಸಿ: ಪಾಂಡಿಚೇರಿ, ಕಾರೈಕಾಲ್, ಯಾನಾಂ, ಮಾಹೆ, ಬಂಗಾಳದ ಚಂದ್ರನಗರ. ಎಷ್ಟು ದೂರ ದೂರ ಇವೆ ನೋಡಿ! ಪಾಂಡಿಚೇರಿಯಿಂದ ಚಂದ್ರನಗರಕ್ಕೆ ಸಿಪಾಯಿ, ಸರಕು, ದುಡ್ಡು ಏನು ಕಳಿಸಬೇಕೆಂದರೂ ಹಡಗು ಬೇಕು. ಕಡಲು ಯಾರದೋ ಇವುಗಳ ಜುಟ್ಟು ಅವರ ಕೈಯಲ್ಲಿ.

ಆಮೇಲೆ ಹಾಳೆ ಮೇಲೆ ಎರಡು ಸಾಲು ಮಾಡಿ. ಎಡಕ್ಕೆ ಯುರೋಪಿನ ಸುದ್ದಿ, ಬಲಕ್ಕೆ ಇಲ್ಲಿಯದು. 1746ರಲ್ಲಿ ಫ್ರೆಂಚರು ಇಂಗ್ಲಿಷರಿಂದ ಮದ್ರಾಸ್ ಹಿಡಿದರು, 1748ರ ಒಪ್ಪಂದದಲ್ಲಿ ಅದನ್ನು ವಾಪಸ್ ಕೊಟ್ಟು ಉತ್ತರ ಅಮೆರಿಕದ ಲೂಯಿಬರ್ಗ್ ಕೋಟೆ ಪಡೆದರು. ಇಲ್ಲಿ ಗೆದ್ದ ಊರು ಅಲ್ಲಿನ ಲೆಕ್ಕಕ್ಕೆ ಹೋಯಿತು. 1756ರಲ್ಲಿ ಇಬ್ಬರ ನಡುವೆ ಮತ್ತೆ ಯುದ್ಧ. 1757ರಲ್ಲಿ ಚಂದ್ರನಗರ ಇಂಗ್ಲಿಷರಿಗೆ ಬಿತ್ತು, 1761ರಲ್ಲಿ ಪಾಂಡಿಚೇರಿ. 1763ರ ಒಪ್ಪಂದದಲ್ಲಿ ಊರುಗಳು ವಾಪಸ್ ಬಂದವು ನಿಜ, ಆದರೆ ಬಂಗಾಳದಲ್ಲಿ ಕೋಟೆ ಕಟ್ಟುವಂತಿಲ್ಲ, ಸೈನ್ಯ ಇಡುವಂತಿಲ್ಲ ಎಂಬ ಷರತ್ತು.

ದುಡ್ಡಿನ ವಿಷಯ ಬಿಟ್ಟರೆ ಏನೂ ತಿಳಿಯುವುದಿಲ್ಲ, ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ. 1757ರ ಪ್ಲಾಸಿ ಕದನ ಆದ ಮೇಲೆ ಇಂಗ್ಲಿಷರಿಗೆ ಬಂಗಾಳದ ಹಣ ಸಿಕ್ಕಿತು. ಫ್ರೆಂಚ್ ಸೇನಾಪತಿ ಲಾಲಿಯ ಸೈನಿಕರು ಮಾತ್ರ ಸಂಬಳ ಬಾಕಿ ಇದೆ ಎಂದು 1759ರಲ್ಲಿ ದಂಗೆ ಎದ್ದರು. ಅದೇ ವರ್ಷ ಫ್ರೆಂಚ್ ನೌಕಾದಳ ಪಾಂಡಿಚೇರಿ ಬಿಟ್ಟು ಮಾರಿಷಸ್ ಕಡೆ ಹೋಯಿತು, ನೆರವಿಗೆ ಮತ್ತೆ ಬರಲೇ ಇಲ್ಲ. ಹೀಗಿರುವಾಗ ವಾಂಡಿವಾಷ್‌ನಲ್ಲಿ ಒಂದು ದಿನ ಗೆದ್ದಿದ್ದರೂ ಎಷ್ಟು ಕಾಲ ತಡೆಯುತ್ತಿದ್ದರು? 1754ರಲ್ಲಿ ಫ್ರೆಂಚ್ ಗವರ್ನರ್ ಡೂಪ್ಲೆಯನ್ನು ವಾಪಸ್ ಕರೆಸದಿದ್ದರೆ ಕಥೆಯೇ ಬೇರೆ ಆಗುತ್ತಿತ್ತು ಅಂತ ತುಂಬಾ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅವನೊಬ್ಬ ಇದ್ದ ಮಾತ್ರಕ್ಕೆ ಹಡಗು ಬರುತ್ತಿರಲಿಲ್ಲ, ಖಜಾನೆ ತುಂಬುತ್ತಿರಲಿಲ್ಲ.

ನಮ್ಮವರು ಮಾಹೆಯ ಮೇಲೆ ಬೆರಳಿಟ್ಟು ಇನ್ನೊಮ್ಮೆ ನೋಡಬೇಕು. ಹೈದರಾಲಿಗೆ ಫ್ರೆಂಚರ ಮದ್ದುಗುಂಡು ಬರುತ್ತಿದ್ದದ್ದು ಆ ಬಂದರಿನಿಂದ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಇಂಗ್ಲಿಷರ ವಿರುದ್ಧ ಫ್ರಾನ್ಸ್ ಸೇರಿತು, ಅದರ ಬಿಸಿಗೆ 1779ರಲ್ಲಿ ಇಂಗ್ಲಿಷರು ಮಾಹೆ ಹಿಡಿದರು, ಮರುವರ್ಷವೇ ಹೈದರ್ ಕರ್ನಾಟಿಕ್ (ಇಂದಿನ ತಮಿಳುನಾಡಿನ ಕಡೆಯ ಆರ್ಕಾಟ್ ನವಾಬನ ಸೀಮೆ) ಮೇಲೆ ನುಗ್ಗಿದ. ಇದನ್ನು ಎರಡೂ ಸಾಲಿನಲ್ಲಿ ಬರೆದುಕೊಳ್ಳಿ.

ನೆಪೋಲಿಯನ್ ಬಿದ್ದ ಮೇಲೆ ಐದೂ ಊರು ಫ್ರೆಂಚರಿಗೆ ಮರಳಿದವು. ಮುಂದೆ ಚಂದ್ರನಗರ 1950ರಲ್ಲಿ, ಉಳಿದ ನಾಲ್ಕು 1954ರ ನವೆಂಬರ್ 1ರಂದು ಭಾರತದ ಆಡಳಿತಕ್ಕೆ ಬಂದವು. ಹಾಳೆಯ ಕೊನೆಯ ಗೆರೆಯಲ್ಲಿ ಇವನ್ನು ಬರೆಯಿರಿ.