ಲಂಡನ್ನಿನ ಪುಟ್ಟ ಬಚ್ಚಲಲ್ಲಿ ಬಾಣಂತನ

ಕಲಬುರಗಿಯ ನಮ್ಮ ಮನೆ ಬಚ್ಚಲಿನಲ್ಲಿ ಇಬ್ಬರು ಕೂತು ಬಟ್ಟೆ ಒಗೆಯಬಹುದು. ಕೆಳಗೆ ಶಹಾಬಾದ್ ಫರಸಿ, ಮೂಲೆಯಲ್ಲಿ ಹಂಡೆ. ನೀರು ಎಲ್ಲೇ ಚೆಲ್ಲಿದರೂ ತಾನೇ ಮೋರಿಗೆ ಹೋಗುತ್ತದೆ. ಅದೇ ರೂಢಿಯಲ್ಲಿ ಮಗಳ ಬಾಣಂತನಕ್ಕೆ ಅಂತ ಲಂಡನ್ನಿಗೆ ಹೋದೆ. ಅವರ ಬಾಡಿಗೆ ಫ್ಲ್ಯಾಟಿನ ಬಾತ್‌ರೂಮು ನಮ್ಮ ದೇವರ ಕೋಣೆಯಷ್ಟೂ ಇರಲಿಲ್ಲ. ಮೂರನೇ ದಿನ ನೆಲ ತೊಳೆಯೋಣ ಅಂತ ಒಂದು ಬಕೆಟ್ ನೀರು ಸುರಿದೆ. ನೀರು ಹೋಗಲು ದಾರಿಯೇ ಇಲ್ಲ! ಸ್ವಲ್ಪ ಹೊತ್ತಿಗೆ ಕೆಳಗಿನ ಮನೆಯವರು ಬಂದು ಬಾಗಿಲು ಬಡಿದರು. ಅವರ ಸೂರು ಸೋರುತ್ತಿತ್ತು.

ಅದಕ್ಕೇ ಈಗ ಬಾಣಂತನಕ್ಕೆ ಹೊರಟವರಿಗೆಲ್ಲ ಮೊದಲು ಇದನ್ನೇ ಹೇಳುತ್ತೇನೆ. ಅಲ್ಲಿ ಬಚ್ಚಲು ಅಂದರೆ ಟಬ್ ಮಾತ್ರ, ನೆಲ ಅಲ್ಲ. ಪರದೆಯ ಅಂಚು ಟಬ್ಬಿನ ಒಳಗೇ ಇಳಿಬಿಡಿ. ಬಕೆಟ್ಟು, ಮಗ್ಗು ಎಲ್ಲ ಒಳಗೇ ಇರಲಿ. ನೆಲವನ್ನು ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು. ಕಮೋಡು ಪಕ್ಕದಲ್ಲೇ ಇರುತ್ತದೆ. ಮಡಿ ಮೈಲಿಗೆ ಅಂತ ಲೆಕ್ಕ ಹಾಕುತ್ತ ಕೂತರೆ ಸ್ನಾನವೇ ಆಗುವುದಿಲ್ಲ, ನಾನಂತೂ ಬಿಟ್ಟೆ.

ನಿಜವಾದ ಕಷ್ಟ ಎಣ್ಣೆ ಸ್ನಾನದ್ದು. ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲು ಕಾಣುವ ನಮಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದು ನೆನಪಿಗೇ ಬರುವುದಿಲ್ಲ. 24 ಡಿಗ್ರಿಗಿಂತ ಕೆಳಗಿಳಿದರೆ ಅದು ತುಪ್ಪದ ಹಾಗೆ ಗಟ್ಟಿಯಾಗುತ್ತದೆ. ತಣ್ಣನೆಯ ಪೈಪಿನಲ್ಲಿ ಅದರ ಜೊತೆ ಕಡಲೆ ಹಿಟ್ಟು, ಸೀಗೆಕಾಯಿ ಪುಡಿ, ಬಾಣಂತಿಯ ಉದುರಿದ ಕೂದಲು ಸೇರಿದರೆ ಮುಗಿಯಿತು, ನೀರು ಪಾದದ ಗಂಟಿನವರೆಗೆ ನಿಲ್ಲುತ್ತದೆ. ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟು, ಮೊದಲು ಕಾಗದದಿಂದ ಮೈ ಒರೆಸಿ ಅದನ್ನು ಕಸದ ಡಬ್ಬಿಗೆ ಹಾಕಿ. ಆಮೇಲೆ ನೀರು. ತೂತಿನ ಮೇಲೆ ಸಣ್ಣ ಜಾಲರಿ ಇಡಿ. ಕಡಲೆ ಹಿಟ್ಟು ಬೇಕೇ ಬೇಕು ಅಂದರೆ ಒಂದು ಚಮಚ, ಅಷ್ಟೇ. ಎಣ್ಣೆ ಬಿದ್ದ ಟಬ್ ಕಾಲು ಜಾರಿಸುತ್ತದೆ, ಒಳಗೆ ರಬ್ಬರ್ ಮ್ಯಾಟ್ ಹಾಸದೆ ಕಾಲಿಡಬೇಡಿ.

ಆದರೆ ಕೂಸಿಗೆ ಎರೆಯಲು ಆ ಟಬ್ಬೇ ಚೆನ್ನ, ಗೊತ್ತಾ? ಮ್ಯಾಟಿನ ಮೇಲೆ ಕೂತು ಕಾಲು ಚಾಚಿದರೆ ಬೆನ್ನಿಗೆ ಆಸರೆ ಸಿಗುತ್ತದೆ, ಕೂಸು ಕಾಲ ಮೇಲೆ ಸರಿಯಾಗಿ ಮಲಗುತ್ತದೆ. ಶವರ್ ಮಾತ್ರ ಹಿಡಿಯಬೇಡಿ. ಅಡುಗೆಮನೆಯಲ್ಲಿ ಯಾರಾದರೂ ನಲ್ಲಿ ತಿರುಗಿಸಿದರೆ ನೀರಿನ ಬಿಸಿ ಒಮ್ಮೆಲೇ ಬದಲಾಗುತ್ತದೆ. ಬಕೆಟ್ಟಿನಲ್ಲಿ ನೀರು ಬೆರೆಸಿ, ಮೊಣಕೈ ಅದ್ದಿ ನೋಡಿ ಎರೆಯಿರಿ. ಏಳುವಾಗ ಮೊದಲು ಕೂಸನ್ನು ಮಗಳ ಕೈಗೆ ಕೊಡಿ. ಟವೆಲ್ ಹಾಕುವ ಕಂಬಿ ಹಿಡಿದು ಏಳಬೇಡಿ, ಅದು ನಮ್ಮ ಭಾರ ತಡೆಯುವುದಿಲ್ಲ. ಇನ್ನು ಲೋಬಾನದ ಆಸೆ ಬಿಟ್ಟುಬಿಡಿ. ಒಂದು ಎಳೆ ಹೊಗೆಗೇ ಅಲಾರಾಂ ಕಿರುಚಿ ಕೂಸು ಬೆಚ್ಚಿಬಿತ್ತು.

ಅಲ್ಲಿ ಕಿಟಕಿಯೂ ಇರಲಿಲ್ಲ. ಸ್ನಾನ ಆದ ಮೇಲೂ ಇಪ್ಪತ್ತು ನಿಮಿಷ ಫ್ಯಾನ್ ತಿರುಗಲಿ, ಗೋಡೆಯ ನೀರು ವೈಪರಿನಿಂದ ಎಳೆಯಿರಿ. ಇಲ್ಲದಿದ್ದರೆ ಮೂಲೆಯಲ್ಲಿ ಕಪ್ಪು ಬೂಸು ಬರುತ್ತದೆ. ಲಂಡನ್ ನೀರು ನಮ್ಮ ಬೋರಿನ ನೀರಿನ ಹಾಗೆ ಗಡಸು, ನಲ್ಲಿಗೆಲ್ಲ ಬಿಳಿ ಪೊರೆ ಕಟ್ಟುತ್ತದೆ. ವಿನೆಗರ್‌ನಲ್ಲಿ ಅದ್ದಿದ ಬಟ್ಟೆ ಒಂದು ಗಂಟೆ ಸುತ್ತಿಟ್ಟು ಉಜ್ಜಿದರೆ ಹೋಗುತ್ತದೆ. ಆದರೆ ಬ್ಲೀಚ್ ಜೊತೆ ವಿನೆಗರ್ ಎಂದಿಗೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ.

ಮನೆಯಿಂದ ತಂಬಿಗೆ ಒಯ್ಯುವುದು ಬೇಡ. ಕೈ ಜಾರಿ ಬಿದ್ದರೆ ಟಬ್ಬಿನ ಹೊಳಪು ಹಾರುತ್ತದೆ, ಬಾಡಿಗೆ ಮನೆ ಬೇರೆ. ಪ್ಲಾಸ್ಟಿಕ್ ಮಗ್ಗು ಸಾಕು. ನಾನು ಒಯ್ದ ಹಿತ್ತಾಳೆ ತಂಬಿಗೆಯಲ್ಲಿ ಮಗಳು ಈಗ ಸೌಟು ನಿಲ್ಲಿಸಿದ್ದಾಳೆ.