ತುಕ್ಕು ಹಿಡಿದ ಬೀಡಿನ ಬಾಣಲೆ ಮತ್ತೆ ಒಲೆ ಏರುವವರೆಗೆ

ಹಳೆಯ ಬೀಡಿನ (ಎರಕದ ಕಬ್ಬಿಣದ) ಪಾತ್ರೆ ಕೈಗೆ ಬಂದಾಗ ನಾನು ತುಕ್ಕನ್ನು ನೋಡುವುದು ಕೊನೆಗೆ. ತುಕ್ಕು ಹೋಗುತ್ತದೆ. ವರ್ಷಗಟ್ಟಲೆ ಸುಟ್ಟು ಹೆಪ್ಪುಗಟ್ಟಿದ ಜಿಡ್ಡಿನ ಕರಿ ಪೊರೆಯೂ ಹೋಗುತ್ತದೆ. ಹೋಗದೇ ಇರುವುದು ಬಿರುಕು, ಸೊಟ್ಟಗಾದ ತಳ, ಬೆಂಕಿಗೆ ಕೆಟ್ಟ ಲೋಹ ಮತ್ತು ಸೀಸ. ಮೊದಲು ಹುಡುಕಬೇಕಾದದ್ದು ಇವನ್ನೇ.

ಬಿರುಕು ಪತ್ತೆಯಾಗುವುದು ಕಣ್ಣಿಗಿಂತ ಕಿವಿಗೆ. ಹಿಡಿಯನ್ನು ಎರಡು ಬೆರಳಿನಲ್ಲಿ ಸಡಿಲವಾಗಿ ಹಿಡಿದು ಪಾತ್ರೆಯನ್ನು ತೂಗುಬಿಡುತ್ತೇನೆ, ಮರದ ಸೌಟಿನಿಂದ ಬದಿಗೆ ಒಮ್ಮೆ ತಟ್ಟುತ್ತೇನೆ. ದನಿ ಮೊಳಗಿ ಎಳೆದುಕೊಂಡು ಹೋದರೆ ಸರಿ, ಠಪ್ ಎಂದು ಅಲ್ಲೇ ಸತ್ತರೆ ಎಲ್ಲೋ ಸೀಳಿದೆ ಎಂದರ್ಥ. ಬೀಡಿನಲ್ಲಿ ಶೇಕಡಾ 2ರಿಂದ 4ರಷ್ಟು ಇಂಗಾಲವಿರುತ್ತದೆ, ಅದರ ಹೆಚ್ಚಿನ ಪಾಲು ಗ್ರಾಫೈಟ್ ಚಕ್ಕೆಗಳಾಗಿ ಲೋಹದೊಳಗೆ ಹರಡಿಕೊಂಡಿರುತ್ತದೆ. ಹಾಗಾಗಿ ಬೀಡು ಉಕ್ಕಿನ ಹಾಗೆ ಬಾಗಿ ಉಳಿಯುವುದಿಲ್ಲ, ಬಿರಿಯುತ್ತದೆ. ಹಿಡಿ ಬದಿಗೆ ಸೇರುವ ಜಾಗ, ಎಣ್ಣೆ ಬಗ್ಗಿಸುವ ಮೂತಿ, ಮೇಲಂಚು, ಈ ಮೂರನ್ನು ಉಗುರಿನಿಂದ ಸವರಿ ನೋಡಬೇಕು. ಕೂದಲೆಳೆಯಂಥ ಬಿರುಕು ಕೂಡ ಕಾದು ಆರುವ ಪ್ರತಿ ಸಲ ಸ್ವಲ್ಪ ಮುಂದೆ ಸಾಗುತ್ತದೆ. ಬೆಸುಗೆ ಹಾಕಿಸಿದರೆ ಗೋಡೆಗೆ ತೂಗುಹಾಕಲು ಬಂದೀತು, ಅಡುಗೆಗೆ ನಾನು ನಂಬುವುದಿಲ್ಲ.

ತಳ ಸೊಟ್ಟಗಾಗಿದೆಯೇ ಎಂದು ನೋಡಲು ಗಾಜಿನ ಹಾಳೆಯ ಮೇಲೋ ಕಲ್ಲಿನ ಕಟ್ಟೆಯ ಮೇಲೋ ಇಟ್ಟು ಹಿಡಿಯನ್ನು ಬದಿಗೆ ತಳ್ಳಿದರೆ ಸಾಕು. ಬುಗುರಿಯಂತೆ ತಿರುಗಿದರೆ ತಳದ ನಡುಭಾಗ ಕೆಳಗೆ ಉಬ್ಬಿದೆ. ಗ್ಯಾಸ್ ಒಲೆಯಲ್ಲಿ ಅಡುಗೆ ಮಾಡುವವರಿಗೆ ಸಣ್ಣ ಉಬ್ಬು ತೊಂದರೆ ಕೊಡುವುದಿಲ್ಲ, ಎಣ್ಣೆ ನಡುವಿಗೆ ಸರಿಯುತ್ತದೆ ಅಷ್ಟೆ. ಇಂಡಕ್ಷನ್ ಅಥವಾ ಗಾಜಿನ ಒಲೆಗೆ ಅದು ಬೇಡ. ಸುತ್ತಿಗೆಯಿಂದ ಬಡಿದು ನೇರ ಮಾಡಲು ಹೋದರೆ ಎರಡು ತುಂಡು ಸಿಗುತ್ತದೆ.

ಬೆಂಕಿಗೆ ಕೆಟ್ಟ ಪಾತ್ರೆಯ ಗುರುತು ಬಣ್ಣ. ಒಲೆಯಲ್ಲಿ ಮರೆತುಹೋಗಿ ಕೆಂಪಗೆ ಕಾದ, ಇಲ್ಲವೇ ಜಿಡ್ಡು ಸುಡಲೆಂದು ಕೆಂಡಕ್ಕೆ ಎಸೆದ ಬಾಣಲೆಯಲ್ಲಿ ಗುಲಾಬಿ ಮಿಶ್ರಿತ ಕೆಂಪು ಮಚ್ಚೆ ಉಳಿಯುತ್ತದೆ, ಕೆಲವೊಮ್ಮೆ ಮೇಲ್ಮೈ ಹೊಪ್ಪಳೆ ಹೊಪ್ಪಳೆಯಾಗಿ ಏಳುತ್ತದೆ. ತುಕ್ಕು ಉಜ್ಜಿದರೆ ಹೋಗುತ್ತದೆ, ಈ ಕೆಂಪು ಹೋಗುವುದಿಲ್ಲ. ಆ ಜಾಗದಲ್ಲಿ ಎಣ್ಣೆಯ ಪೊರೆ ಎಷ್ಟು ಸಲ ಕೂರಿಸಿದರೂ ನಿಲ್ಲುವುದಿಲ್ಲ.

ಸೀಸದ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಗಾಳದ ತೂಕ, ಬಂದೂಕಿನ ಗುಂಡು ಎರಕ ಹೊಯ್ಯುವವರು ಸೀಸ ಕರಗಿಸಲು ಹಳೆಯ ಬೀಡಿನ ಪಾತ್ರೆಗಳನ್ನು ಬಳಸುತ್ತಾರೆ, ಸಣ್ಣ ಪಾತ್ರೆಗಳನ್ನಂತೂ ಹೆಚ್ಚು. ಒಳಗೆ ಬೂದು ಬಣ್ಣದ ಮೆತ್ತನೆಯ ಹನಿ ಅಂಟಿಕೊಂಡಿದ್ದರೆ ಅನುಮಾನ ಪಡಬೇಕು. ಸೀಸ ಪತ್ತೆಯ ಕಡ್ಡಿಯನ್ನು ಒದ್ದೆ ಮಾಡಿ ಉಜ್ಜಿದಾಗ ಗುಲಾಬಿ ಅಥವಾ ಕೆಂಪು ಬಣ್ಣ ಬಂದರೆ ಆ ಪಾತ್ರೆಯ ಕಥೆ ಅಲ್ಲಿಗೆ ಮುಗಿಯಿತು. ತೊಳೆದು ಸರಿಮಾಡಬಹುದೆಂಬ ಸಲಹೆ ಕೇಳಬೇಡಿ. ಇದೇ ಕಾರಣಕ್ಕೆ ಪರೀಕ್ಷಿಸದ ಪಾತ್ರೆಯನ್ನು ಬೇರೆ ಪಾತ್ರೆಗಳ ಜೊತೆ ಒಂದೇ ತೊಟ್ಟಿಯಲ್ಲಿ ಮುಳುಗಿಸಬಾರದು.

ಸಂಗ್ರಹಕ್ಕೆಂದು ಕೊಳ್ಳುವವರು ತಳದ ಗುರುತು ಓದಲು ಕಲಿಯಬೇಕು. ತಳದ ನಡುವೆ ಉದ್ದಕ್ಕೆ ಒರಟಾದ ಒಂದು ಗೀರು ಎದ್ದಿದ್ದರೆ ಅದು ಕರಗಿದ ಕಬ್ಬಿಣ ಅಚ್ಚಿಗೆ ಹರಿದ ಬಾಯಿಯ ಗುರುತು. ಸಾಮಾನ್ಯವಾಗಿ ಅದು 19ನೆಯ ಶತಮಾನದ ಎರಕ. ಅಮೆರಿಕದ ಹಳೆಯ ಬಾಣಲೆಗಳಲ್ಲಿ ಜನ ಹೆಚ್ಚು ಹುಡುಕುವುದು ಪೆನ್ಸಿಲ್ವೇನಿಯಾದ ಈರಿ ಪಟ್ಟಣದ ಗ್ರಿಸ್ವೋಲ್ಡ್ ಮತ್ತು ಒಹಾಯೋದ ಸಿಡ್ನಿಯ ವ್ಯಾಗ್ನರ್. ಗ್ರಿಸ್ವೋಲ್ಡ್‌ನ ಈರಿ ಕಾರ್ಖಾನೆ 1957ರಲ್ಲಿ ಮುಚ್ಚಿತು. ಟೆನೆಸಿಯ ಲಾಡ್ಜ್ 1896ರಿಂದ ಇಂದಿನವರೆಗೆ ಎರಕ ಹೊಯ್ಯುತ್ತಿದೆ. ಹಿಡಿಯ ಮೇಲಿನ 8 ಎಂಬ ಅಂಕಿ ಇಂಚಿನ ಅಳತೆಯಲ್ಲ, ಸೌದೆ ಒಲೆಯ ಬಾಯಿಯ ಸಂಖ್ಯೆ. 8ನೆಯ ನಂಬರಿನ ಬಾಣಲೆಯ ಮೇಲಂಚು ಸುಮಾರು 27 ಸೆಂಟಿಮೀಟರ್ ಅಗಲ. ಹಳೆಯದು ತೆಳುವಾಗಿ, ಹಗುರಾಗಿ ಇರುತ್ತದೆ. ಅಡುಗೆ ಮಾಡುವ ಮೈಯನ್ನು ಕಾರ್ಖಾನೆಯಲ್ಲೇ ಕೊರೆದು ನಯಮಾಡಿರುತ್ತಿದ್ದರು. ಇಪ್ಪತ್ತನೆಯ ಶತಮಾನದ ನಡುವಿನ ನಂತರ ಹೆಚ್ಚಿನವರು ಆ ಕೆಲಸ ಕೈಬಿಟ್ಟರು, ಅದಕ್ಕೇ ಹೊಸ ಪಾತ್ರೆಯ ಮೈ ಮರಳು ಮರಳಾಗಿರುತ್ತದೆ. ನಕಲಿ ಪಾತ್ರೆಗಳಲ್ಲಿ ಅಕ್ಷರಗಳ ಅಂಚು ಕರಗಿದಂತೆ ಮಬ್ಬಾಗಿ, ಮೈ ಒರಟಾಗಿ ಇರುತ್ತದೆ, ಏಕೆಂದರೆ ಅಸಲಿ ಪಾತ್ರೆಯನ್ನೇ ಅಚ್ಚಿಗೆ ಒತ್ತಿ ತೆಗೆದಿರುತ್ತಾರೆ. ಆದರೆ ಒಂದು ಮಾತು: ಒರಟು ಮೈಯ ಹೊಸ ಬಾಣಲೆಯಲ್ಲೂ ಮೊಟ್ಟೆ ಅಂಟದಂತೆ ಬೇಯುತ್ತದೆ. ನಯದ ಮೈಗೆ ಕೊಡುವ ಹೆಚ್ಚಿನ ಬೆಲೆ ಬಹುಪಾಲು ಹಗುರ ತೂಕಕ್ಕೆ ಮತ್ತು ಹೆಸರಿಗೆ.

ಸ್ವಚ್ಛ ಮಾಡುವಾಗ ನನ್ನದು ಒಂದೇ ನಿಯಮ. ಕೊಳೆ ಹೋಗಬೇಕು, ಲೋಹ ಸವೆಯಬಾರದು. ಗ್ರೈಂಡರ್, ಡ್ರಿಲ್ಲಿಗೆ ಸಿಕ್ಕಿಸುವ ತಂತಿ ಚಕ್ರ, ಇವೆರಡೂ ಬೇಗ ಹೊಳಪು ಕೊಡುತ್ತವೆ. ಆ ಹೊಳಪೇ ಸಮಸ್ಯೆ. ಎಣ್ಣೆ ಕಚ್ಚಿಕೊಳ್ಳಲು ಬೇಕಾದ ಸೂಕ್ಷ್ಮ ಒರಟುತನ ಅಳಿಸಿಹೋಗಿ ಪೊರೆ ಸುಲಿಯುತ್ತದೆ, ತಳದ ಗುರುತೂ ಸವೆಯುತ್ತದೆ. ತಾನೇ ಸುಟ್ಟು ಸ್ವಚ್ಛವಾಗುವ ಓವನ್‌ಗಳಲ್ಲಿ ಬಾಣಲೆ ಇಡುವುದೂ ಬೇಡ. ಅಲ್ಲಿನ ಕಾವು 450 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು, ತೆಳು ಪಾತ್ರೆ ಸೊಟ್ಟಗಾಗಲು ಅದು ಸಾಕು.

ಜಿಡ್ಡಿಗೆ ಕಾಸ್ಟಿಕ್ ಸೋಡಾ, ತುಕ್ಕಿಗೆ ವಿದ್ಯುತ್ ಅಥವಾ ವಿನಿಗರ್. ಸೋಡಾ ತುಕ್ಕು ತೆಗೆಯುವುದಿಲ್ಲ, ವಿನಿಗರ್ ಜಿಡ್ಡು ತೆಗೆಯುವುದಿಲ್ಲ. ಮುಚ್ಚಳವಿರುವ ದಪ್ಪ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 20 ಲೀಟರ್ ತಣ್ಣೀರು ತುಂಬಿ, 450ರಿಂದ 500 ಗ್ರಾಂ ಶುದ್ಧ ಕಾಸ್ಟಿಕ್ ಸೋಡಾವನ್ನು ಸ್ವಲ್ಪಸ್ವಲ್ಪವಾಗಿ ಉದುರಿಸುತ್ತೇನೆ. ನೀರಿಗೇ ಸೋಡಾ, ಸೋಡಾದ ಮೇಲೆ ನೀರು ಎಂದಿಗೂ ಅಲ್ಲ. ಕರಗುವಾಗ ಬಿಸಿ ಹುಟ್ಟುತ್ತದೆ, ಉಲ್ಟಾ ಮಾಡಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಮೊಣಕೈವರೆಗಿನ ರಬ್ಬರ್ ಕೈಗವಸು, ಬದಿ ಮುಚ್ಚುವ ಕನ್ನಡಕ ಕಡ್ಡಾಯ, ಮಕ್ಕಳು ಪ್ರಾಣಿಗಳು ತಲುಪದ ಜಾಗ ಬೇಕು. ಅಲ್ಯೂಮಿನಿಯಂ ಇದರಲ್ಲಿ ಕರಗಿ ಹೈಡ್ರೋಜನ್ ಬಿಡುತ್ತದೆ, ಮರದ ಹಿಡಿಯೂ ಹಾಳಾಗುತ್ತದೆ. ಪಾತ್ರೆಯನ್ನು ಪೂರ್ತಿ ಮುಳುಗಿಸಿ ಬಿಡಬೇಕು. ತೆಳು ಜಿಡ್ಡಿಗೆ ಎರಡು ಮೂರು ದಿನ ಸಾಕು, ಮಂದವಾಗಿದ್ದರೆ ವಾರಗಳೇ ಹಿಡಿದಾವು, ಚಳಿಯಲ್ಲಿ ಇನ್ನೂ ನಿಧಾನ. ಎಷ್ಟು ದಿನ ಇದ್ದರೂ ಸೋಡಾ ಬೀಡನ್ನು ತಿನ್ನುವುದಿಲ್ಲ, ಆದ್ದರಿಂದ ಆತುರವಿಲ್ಲ. ನಡುನಡುವೆ ತೆಗೆದು ಸ್ಟೀಲ್ ನಾರಿನಿಂದ ಉಜ್ಜಿ ಮತ್ತೆ ಮುಳುಗಿಸುತ್ತೇನೆ. ನೀರು ಚಹಾ ಬಣ್ಣಕ್ಕೆ ತಿರುಗಿದರೂ ಅದೇ ದ್ರಾವಣ ತಿಂಗಳುಗಟ್ಟಲೆ ಕೆಲಸ ಮಾಡುತ್ತದೆ. ಎನಾಮಲ್ ಲೇಪದ ಪಾತ್ರೆಯನ್ನು ಇದಕ್ಕೆ ಹಾಕಬಾರದು, ಹೊಳಪು ಸಾಯುತ್ತದೆ.

ತುಕ್ಕು ತೆಳುವಾಗಿದ್ದರೆ ಶೇಕಡಾ 5ರ ಬಿಳಿ ವಿನಿಗರ್ ಮತ್ತು ನೀರನ್ನು ಸಮಸಮ ಬೆರೆಸಿ ಮುಳುಗಿಸಿದರೆ ಆಯಿತು. ಆದರೆ ಗಡಿಯಾರ ನೋಡಿಕೊಂಡು 30 ನಿಮಿಷಕ್ಕೆ ತೆಗೆದು ಉಜ್ಜಬೇಕು, ಉಳಿದಿದ್ದರೆ ಮತ್ತೆ 30 ನಿಮಿಷ. ತುಕ್ಕು ಮುಗಿದ ಮೇಲೆ ಆಮ್ಲ ಲೋಹವನ್ನೇ ತಿನ್ನಲು ಶುರುಮಾಡುತ್ತದೆ. ರಾತ್ರಿಯಿಡೀ ಬಿಟ್ಟ ಬಾಣಲೆ ಬೆಳಗ್ಗೆ ಕುಳಿಬಿದ್ದು ಮಂಕಾಗಿರುತ್ತದೆ, ಆ ಕುಳಿ ತುಂಬುವ ಉಪಾಯವಿಲ್ಲ.

ಮಂದ ತುಕ್ಕಿಗೆ ನಾನು ನೆಚ್ಚುವುದು ವಿದ್ಯುತ್ ತೊಟ್ಟಿಯನ್ನು. ಪ್ಲಾಸ್ಟಿಕ್ ತೊಟ್ಟಿ, ಲೀಟರಿಗೆ 4–5 ಗ್ರಾಂ ವಾಷಿಂಗ್ ಸೋಡಾ, 12 ವೋಲ್ಟಿನ ಬ್ಯಾಟರಿ ಚಾರ್ಜರ್. ಬ್ಯಾಟರಿ ಇದೆಯೇ ಎಂದು ತಾನೇ ಪರೀಕ್ಷಿಸುವ ಸ್ವಯಂಚಾಲಿತ ಚಾರ್ಜರ್ ಇಲ್ಲಿ ಚಾಲೂ ಆಗದೇ ಇರಬಹುದು, ಹಳೆಯ ಕೈಚಾಲನೆಯದೇ ಬೇಕು. ಋಣ ತಂತಿ ಬಾಣಲೆಗೆ, ಧನ ತಂತಿ ಬಲಿ ಕೊಡುವ ಉಕ್ಕಿನ ತಗಡಿಗೆ. ಅದಲುಬದಲಾದರೆ ಬಾಣಲೆಯೇ ಕರಗುತ್ತದೆ. ತಂತಿ ಕಚ್ಚುವ ಜಾಗವನ್ನು ಬರಿಯ ಲೋಹ ಕಾಣುವಷ್ಟು ಉಜ್ಜಿರಬೇಕು, ಬಾಣಲೆ ಮತ್ತು ತಗಡು ಒಂದಕ್ಕೊಂದು ತಾಗಬಾರದು. ತಗಡು ಸಾದಾ ಉಕ್ಕೇ ಆಗಿರಲಿ. ಸ್ಟೇನ್‌ಲೆಸ್ ಹಾಕಿದರೆ ಅದರ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗೆ ಇಳಿಯುತ್ತದೆ, ಸತುವಿನ ಲೇಪದ ತಗಡೂ ಬೇಡ. ಸೋಡಾ ಬದಲು ಉಪ್ಪು ಹಾಕಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬಾಣಲೆಯಿಂದ ಏಳುವ ಗುಳ್ಳೆ ಹೈಡ್ರೋಜನ್, ಆದ್ದರಿಂದ ಈ ಕೆಲಸ ಬಯಲಲ್ಲಿ, ಕಿಡಿಯಿಂದ ದೂರ. ತಂತಿ ಮುಟ್ಟುವ ಮೊದಲು ಚಾರ್ಜರ್ ಆರಿಸಬೇಕು. ತಗಡಿಗೆ ಎದುರಾದ ಬದಿಯೇ ಹೆಚ್ಚು ಸ್ವಚ್ಛವಾಗುವುದರಿಂದ ಕೆಲವು ಗಂಟೆಗೊಮ್ಮೆ ಬಾಣಲೆಯನ್ನು ತಿರುಗಿಸಬೇಕಾಗುತ್ತದೆ.

ಹೊರಗೆ ತೆಗೆದ ಬಾಣಲೆ ಬೂದು ಬಣ್ಣದ ಬೆತ್ತಲೆ ಲೋಹ. ಕಣ್ಣೆದುರೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಪಾತ್ರೆ ಸೋಪಿನಿಂದ ತಣ್ಣೀರಿನಲ್ಲೇ ಉಜ್ಜಿ, ಬಟ್ಟೆಯಿಂದ ಒರೆಸಿ, ತಡಮಾಡದೆ 100 ಡಿಗ್ರಿಯ ಓವನ್ನಿಗೆ ಹಾಕುತ್ತೇನೆ. ಬಿಸಿನೀರಿನಲ್ಲಿ ತೊಳೆದರೆ ತುಕ್ಕು ಇನ್ನೂ ಬೇಗ. ಬಟ್ಟೆಗೆ ಸ್ವಲ್ಪ ಕರಿ ಅಥವಾ ಕಂದು ಹತ್ತಿದರೆ ಗಾಬರಿ ಬೇಡ, ಮೊದಲ ಎಣ್ಣೆಯ ಒರಸಿನಲ್ಲಿ ಅದು ಎದ್ದು ಬರುತ್ತದೆ.

ಇನ್ನು ಪಳಗಿಸುವುದು, ಅಂದರೆ ಎಣ್ಣೆಯ ಪೊರೆ ಕೂರಿಸುವುದು. ಎಣ್ಣೆ ಬೀಡಿನ ರಂಧ್ರಗಳಿಗೆ ಇಳಿಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅಪರ್ಯಾಪ್ತ (ಅನ್‌ಸ್ಯಾಚುರೇಟೆಡ್) ಕೊಬ್ಬು ಕಾವಿನಲ್ಲಿ ಗಾಳಿಯ ಆಮ್ಲಜನಕದೊಡನೆ ಸೇರಿ, ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪೊರೆಯಾಗುತ್ತವೆ. ಸೂರ್ಯಕಾಂತಿ, ಸೋಯಾ, ದ್ರಾಕ್ಷಿಬೀಜದ ಎಣ್ಣೆಗಳು ಇದಕ್ಕೆ ಒಗ್ಗುತ್ತವೆ. ತೆಂಗಿನೆಣ್ಣೆಯಲ್ಲಿ ಪರ್ಯಾಪ್ತ ಕೊಬ್ಬೇ ಹೆಚ್ಚು, ಚೆನ್ನಾಗಿ ಹೆಣೆಯುವುದಿಲ್ಲ. ಅಗಸೆ ಎಣ್ಣೆಯ ಬಗ್ಗೆ ಬಹಳ ಹೊಗಳಿಕೆ ಕೇಳಿಬರುತ್ತದೆ. ಅದು ಗಟ್ಟಿ, ಹೊಳೆಯುವ ಪೊರೆ ಕೊಡುವುದು ನಿಜ, ಆದರೆ ಆ ಗಡಸುತನದಿಂದಲೇ ಕೆಲವು ತಿಂಗಳ ಅಡುಗೆಯ ನಂತರ ಚಕ್ಕೆ ಏಳುತ್ತದೆ. ಫೋಟೋಕ್ಕೆ ಚೆಂದ, ಒಲೆಗೆ ಅಲ್ಲ.

ಬಾಣಲೆ 100 ಡಿಗ್ರಿಯಲ್ಲಿ 20 ನಿಮಿಷ ಕಾಯಲಿ. ತೆಗೆದು ಅರ್ಧ ಚಮಚ ಎಣ್ಣೆಯನ್ನು ಒಳಗೆ, ಹೊರಗೆ, ಹಿಡಿಗೆ, ಮೂತಿಗೆ ತಿಕ್ಕಿ. ಆಮೇಲೆ ಒಣ ಬಟ್ಟೆ ತೆಗೆದುಕೊಂಡು, ಎಣ್ಣೆ ಹಚ್ಚಿದ್ದೇ ತಪ್ಪಾಯಿತೋ ಎಂಬಂತೆ ಪೂರ್ತಿ ಒರೆಸಿ. ಮೈ ಒಣಗಿದ ಹಾಗೆ ಮಂಕಾಗಿ ಕಾಣಬೇಕು. ಉಳಿದದ್ದು ಸಾಕು. ಓವನ್ನಿನಲ್ಲಿ ಬೋರಲು ಹಾಕಿ, 150ಕ್ಕೆ ಏರಿದಾಗ ಕೈಗವಸು ಹಾಕಿಕೊಂಡು ಹೊರತೆಗೆದು ಇನ್ನೊಮ್ಮೆ ಒರೆಸಿ. ಕಾದ ಎಣ್ಣೆ ತೆಳುವಾಗಿ ಹನಿಗೂಡುತ್ತದೆ, ಆ ಹನಿಗಳೇ ಆಮೇಲೆ ಅಂಟು ಚುಕ್ಕೆಗಳಾಗುವುದು. ನಂತರ 230 ಡಿಗ್ರಿಯಲ್ಲಿ ಒಂದು ಗಂಟೆ, ಓವನ್ನಿನೊಳಗೇ ಆರಲು ಬಿಡಿ. ಹೊಗೆ ಬರುತ್ತದೆ, ಕಿಟಕಿ ತೆರೆದಿಡಿ. ಇದೇ ರೀತಿ ಮೂರು ನಾಲ್ಕು ಪದರ. ಮೊದಲ ಪದರ ಕಂದು ಬಣ್ಣದಲ್ಲಿ ಅಲ್ಲಲ್ಲಿ ಪಟ್ಟೆಯಾಗಿ ಬಂದರೆ ಕೆಟ್ಟಿದೆ ಎಂದುಕೊಳ್ಳಬೇಡಿ, ಕಪ್ಪು ಬರುವುದು ಅಡುಗೆಯಿಂದ.

ಮುಟ್ಟಿದರೆ ಅಂಟುತ್ತಿದೆ ಎಂದರೆ ಎಣ್ಣೆ ಹೆಚ್ಚಾಯಿತು ಅಥವಾ ಕಾವು ಸಾಲಲಿಲ್ಲ. ಎಣ್ಣೆ ಹಚ್ಚದೆ ಮತ್ತೆ ಒಂದು ಗಂಟೆ 230ರಲ್ಲಿಟ್ಟರೆ ತೆಳುವಾದ ಅಂಟು ಗಟ್ಟಿಯಾಗುತ್ತದೆ. ಮಂದವಾಗಿ ಇಳಿದು ಗಂಟಾಗಿದ್ದರೆ ಕಾಸ್ಟಿಕ್ ಸೋಡಾ ಡ್ರಮ್ಮಿಗೆ ಮರಳುವುದೇ ದಾರಿ. ಓವನ್ ಇಲ್ಲದವರು ಒಲೆಯ ಮೇಲೆ ಮಧ್ಯಮ ಉರಿಯಲ್ಲಿ ಹಚ್ಚಿ, ಒರೆಸಿ, ಹೊಗೆ ನಿಲ್ಲುವವರೆಗೆ ಕಾಯಿಸಬಹುದು. ತಳ ಚೆನ್ನಾಗಿ ಪಳಗುತ್ತದೆ, ಬದಿ ಮತ್ತು ಹಿಡಿ ಹಿಂದುಳಿಯುತ್ತವೆ.

ಅಡುಗೆಯಲ್ಲಿ ಅಂಟುವ ದೂರುಗಳಲ್ಲಿ ಹೆಚ್ಚಿನವು ಪಳಗಿಸಿದ್ದರ ತಪ್ಪಲ್ಲ, ಕಾಯಿಸಿದ್ದರ ತಪ್ಪು. ಬೀಡು ಎಲ್ಲ ಕಡೆ ಒಂದೇ ಸಮ ಕಾಯುತ್ತದೆ ಎನ್ನುವುದು ಸುಳ್ಳು. ಶಾಖ ಹರಡುವುದರಲ್ಲಿ ಅದು ಅಲ್ಯೂಮಿನಿಯಂನ ಕಾಲು ಭಾಗದಷ್ಟೂ ಇಲ್ಲ. ಒಣ ಬಾಣಲೆಗೆ ಒಂದು ಹಿಡಿ ಹಿಟ್ಟು ತೆಳುವಾಗಿ ಹರಡಿ ಕಾಯಿಸಿ ನೋಡಿ, ಉರಿಯ ಉಂಗುರದ ಮೇಲೆ ಮಾತ್ರ ಮೊದಲು ಕೆಂಪಾಗುತ್ತದೆ. ಆದ್ದರಿಂದ ಸಣ್ಣ ಉರಿಯಲ್ಲಿ 6ರಿಂದ 8 ನಿಮಿಷ, ನಡುವೆ ಬಾಣಲೆಯನ್ನು ಕಾಲು ಸುತ್ತು ತಿರುಗಿಸುತ್ತಾ. ಇಂಡಕ್ಷನ್ ಒಲೆಯಲ್ಲಿ ತಣ್ಣನೆ ಬಾಣಲೆಗೆ ನೇರ ಪೂರ್ಣ ಕಾವು ಕೊಟ್ಟರೆ ನಡು ಹಿಗ್ಗಿ, ಅಂಚು ತಣ್ಣಗೇ ಉಳಿದು, ತಳ ಸೊಟ್ಟಗಾಗಬಹುದು, ಬಿರಿಯಲೂ ಬಹುದು. ಕಾದ ಬಾಣಲೆಗೆ ತಣ್ಣೀರು ಸುರಿದರೂ ಅದೇ ಗತಿ.

ಮೊಟ್ಟೆಗೆ ಹದ ತಿಳಿಯುವುದು ಬೆಣ್ಣೆಯಿಂದ. ಹಾಕಿದ ಬೆಣ್ಣೆ ನೊರೆ ಎದ್ದು, ನೊರೆ ಇಳಿಯುತ್ತಿದ್ದ ಹಾಗೆ ಮೊಟ್ಟೆ ಒಡೆಯಬೇಕು. ಬೆಣ್ಣೆ ಕೂಡಲೇ ಕಂದಾದರೆ ಕಾವು ಮೀರಿದೆ. ಮಾಂಸವಾಗಲಿ ಮೀನಾಗಲಿ ಹಾಕಿದೊಡನೆ ಹಿಡಿದುಕೊಳ್ಳುತ್ತದೆ, ಕೆರೆಯಲು ಹೋಗಬಾರದು. ಅಡಿ ಕೆಂಪಾದಾಗ ತಾನೇ ಬಿಡುತ್ತದೆ. ತೆಳು ಅಂಚಿನ, ಚೌಕ ತುದಿಯ ಉಕ್ಕಿನ ಮಗುಚುವ ಕೈ ಇದಕ್ಕೆ ಒಳ್ಳೆಯದು, ಅದು ಪೊರೆಯ ಉಬ್ಬುತಗ್ಗನ್ನು ನಿಧಾನವಾಗಿ ಸಮ ಮಾಡುತ್ತದೆ. ಟೊಮೆಟೊ, ನಿಂಬೆ, ವಿನಿಗರ್ ಇರುವ ಅಡುಗೆ ಚೆನ್ನಾಗಿ ಪಳಗಿದ ಬಾಣಲೆಯಲ್ಲಿ 20–30 ನಿಮಿಷ ಬೇಯಬಹುದು. ಅದಕ್ಕೂ ಹೆಚ್ಚಾದರೆ ಪೊರೆ ಕರಗಿ ಕಬ್ಬಿಣದ ರುಚಿ ಬರುತ್ತದೆ. ಮೈಯಲ್ಲಿ ಕಬ್ಬಿಣ ಶೇಖರವಾಗುವ ಕಾಯಿಲೆ ಇರುವವರು ಇಂಥ ಪಾತ್ರೆ ಬಳಸುವ ಮೊದಲು ವೈದ್ಯರನ್ನು ಕೇಳುವುದು ಒಳ್ಳೆಯದು.

ಸೋಪು ತಾಗಿಸಬಾರದೆಂಬ ಮಾತು ಕಾಸ್ಟಿಕ್ ಉಳಿದಿರುತ್ತಿದ್ದ ಹಳೆಯ ಸೋಪಿನ ಕಾಲದ್ದು. ಇಂದಿನ ಪಾತ್ರೆ ಸೋಪಿನಿಂದ ಪೊರೆಗೆ ಏನೂ ಆಗದು. ನೆನೆಹಾಕುವುದು, ಡಿಶ್‌ವಾಶರ್, ಎರಡೂ ಬೇಡ. ತೊಳೆದ ಬಾಣಲೆಯನ್ನು ಒಲೆಯ ಮೇಲೆ ಎರಡು ನಿಮಿಷ ಕಾಯಿಸಿ, ನಾಲ್ಕೈದು ಹನಿ ಎಣ್ಣೆ ಸವರಿ, ಒರೆಸಿ. ಬಟ್ಟೆಗೆ ಕರಿ ಪುಡಿ ಬಂದರೆ ಅದು ಸುಟ್ಟ ಆಹಾರ, ಉಪ್ಪು ಹಾಕಿ ಉಜ್ಜಿದರೆ ಹೋಗುತ್ತದೆ. ಚಕ್ಕೆ ಎದ್ದು ಕೆಳಗೆ ಬೂದು ಲೋಹ ಕಂಡರೆ ಮಾತ್ರ ಮತ್ತೆ ಪಳಗಿಸಬೇಕು. ತಿಂಗಳುಗಟ್ಟಲೆ ಬಳಸದೆ ಇಡುವ ಪಾತ್ರೆಗೆ ಅಡುಗೆ ಎಣ್ಣೆ ಸವರಿದರೆ ಕಮಟು ವಾಸನೆ ಹಿಡಿದು ಅಂಟಾಗುತ್ತದೆ. ಆಹಾರಕ್ಕೆ ಯೋಗ್ಯವಾದ ಮಿನರಲ್ ಆಯಿಲ್ ತೆಳುವಾಗಿ ಸವರಿ, ಒಂದರೊಳಗೊಂದು ಇಡುವಾಗ ನಡುವೆ ಕಾಗದ ಹಾಕಿ, ಮುಚ್ಚಳವನ್ನು ಗಾಳಿಯಾಡುವಷ್ಟು ಓರೆಯಾಗಿಡಿ.