ಗರ್ಭದ ಜೆನೆಟಿಕ್ ಪರೀಕ್ಷೆ: ಮುಂಬಯಿಯಲ್ಲಿ ಸಹಿ ಹಾಕುವ ಮುಂಚೆ

ಇಲ್ಲಿನ ಆಸ್ಪತ್ರೆಗಳಲ್ಲಿ ಒಪ್ಪಿಗೆ ಪತ್ರ ಸಾಮಾನ್ಯವಾಗಿ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಊರಿನಿಂದ ಮದುವೆಯಾಗಿ ಡೊಂಬಿವಲಿಗೆ ಬಂದವಳು ಬೆರಳಿಟ್ಟು ತೋರಿಸಿದ ಕಡೆ ಸಹಿ ಮಾಡುತ್ತಾಳೆ, ಅಷ್ಟೆ. ಆದರೆ 1994ರ ಪ್ರಸವಪೂರ್ವ ಪರೀಕ್ಷೆ ಕಾಯ್ದೆಯ 5ನೇ ಕಲಮಿನಂತೆ ಅಡ್ಡಪರಿಣಾಮಗಳನ್ನು ವಿವರಿಸಿ, ಗರ್ಭಿಣಿಗೆ ತಿಳಿಯುವ ಭಾಷೆಯಲ್ಲೇ ಲಿಖಿತ ಒಪ್ಪಿಗೆ ಪಡೆಯಬೇಕು; ಪ್ರತಿಯನ್ನು ಅವಳ ಕೈಗೇ ಕೊಡಬೇಕು. ಗಂಡನ ಸಹಿ, ಅತ್ತೆಯ ತಲೆಯಾಡಿಕೆ ಲೆಕ್ಕಕ್ಕಿಲ್ಲ.

ತಂದೆತಾಯಿಯಿಂದ ಬರುವ ರಕ್ತದ ಕಾಯಿಲೆ ಥಲಸ್ಸೀಮಿಯಾದ ಉದಾಹರಣೆ ನೋಡಿ. ಮೊದಲು ಹಿಮೋಗ್ಲೋಬಿನ್‌ನ ಬಗೆಗಳನ್ನು ಅಳೆಯುವ ಎಚ್‌ಪಿಎಲ್‌ಸಿ ರಕ್ತಪರೀಕ್ಷೆ. ಹಿಮೋಗ್ಲೋಬಿನ್ ಎ2 ಶೇ. 3.5 ದಾಟಿದರೆ ವಾಹಕರಿರಬಹುದು, ಅಂದರೆ ತಮಗೆ ಕಾಯಿಲೆಯಿಲ್ಲದಿದ್ದರೂ ಅದರ ಜೀನ್ ದೋಷ ಹೊತ್ತವರು. ಕಬ್ಬಿಣಾಂಶ ಕಮ್ಮಿಯಿದ್ದರೆ ಈ ಅಂಕಿ ಇಳಿದು ಮೋಸಮಾಡುತ್ತದೆ. ಹೆಂಡತಿಯ ರಿಪೋರ್ಟ್ ಹಿಡಿದು ಅವಳ ತವರನ್ನು ದೂರುವ ಮುಂಚೆ ಗಂಡನೂ ತೋಳು ಚಾಚಲಿ: ಇಬ್ಬರೂ ವಾಹಕರಾದರಷ್ಟೇ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ. 25. ಆಮೇಲೆ ಇಬ್ಬರ ಜೀನ್ ದೋಷ ಯಾವುದೆಂದು ಡಿಎನ್‌ಎ ಪರೀಕ್ಷೆಯಿಂದ ಗುರುತಿಸಿಕೊಳ್ಳಿ. ಹೆಚ್ಚಿನವರು ಎಡವುವುದು ಇಲ್ಲೇ. ಅದು ಗೊತ್ತಿಲ್ಲದೆ ಗರ್ಭದ ಮಾದರಿ ತೆಗೆದರೆ ಲ್ಯಾಬಿಗೆ ಏನು ಹುಡುಕಬೇಕೆಂದೇ ತಿಳಿಯದೆ ವಾರಗಳು ಜಾರುತ್ತವೆ. ಮಾಸಿನ ಚೂರು ತೆಗೆಯುವುದು 11ರಿಂದ 13ನೇ ವಾರದಲ್ಲಿ, ಗರ್ಭದ ನೀರು ತೆಗೆಯುವುದು 15ನೇ ವಾರದ ನಂತರ. ಎರಡರಲ್ಲೂ ಗರ್ಭಪಾತದ ಸಣ್ಣ ಅಪಾಯವಿದೆ.

ಗರ್ಭಕ್ಕೆ ಸೂಜಿ ಚುಚ್ಚುವ ಇಂಥ ಪರೀಕ್ಷೆಯ ಒಪ್ಪಿಗೆ ಪತ್ರವೇ ಫಾರ್ಮ್ ಜಿ. ಹಿಂದಿನ ದಿನವೇ ಕೇಳಿ ತಂದು, ಕನ್ನಡದಲ್ಲಿ ಓದಿಸಿಕೊಳ್ಳಿ. ಖಾಲಿ ಜಾಗ ಬಿಟ್ಟು ಸಹಿ ಮಾಡಬೇಡಿ. ಪರೀಕ್ಷಾ ಕೇಂದ್ರದ ನೋಂದಣಿ ಪ್ರಮಾಣಪತ್ರ ಗೋಡೆಯ ಮೇಲೆ ಕಾಣುವಂತಿರಬೇಕು.

ಗಂಡೋ ಹೆಣ್ಣೋ ಎಂದು ಕೇಳಲೇಬೇಡಿ. ಸನ್ನೆಯಲ್ಲಿ ಹೇಳಿದರೂ ಅಪರಾಧ. ಭ್ರೂಣದ ದೋಷ ಹಿಡಿಯಲು ಬಂದ ಈ ಪರೀಕ್ಷೆಯನ್ನು ಹೆಣ್ಣು ಭ್ರೂಣ ತೆಗೆಸಲು ಬಳಸತೊಡಗಿದ್ದರಿಂದ, ಮುಂಬಯಿಯ ಮಹಿಳಾ ಸಂಘಟನೆಗಳ ಹೋರಾಟದ ಫಲವಾಗಿ ಮಹಾರಾಷ್ಟ್ರ ದೇಶದಲ್ಲೇ ಮೊದಲು, 1988ರಲ್ಲಿ, ಕಾನೂನು ಮಾಡಿತು.

ಉಳಿದ ಮಾದರಿ ಎಲ್ಲಿಗೆ ಹೋಗುತ್ತದೆ? ಒಪ್ಪಿಗೆ ಪತ್ರದಲ್ಲಿ ಇದನ್ನು ಹೇಳುವ ಸಾಲನ್ನು ಎರಡು ಸಲ ಓದಿ. ಅಮೆರಿಕದ ಹವಸುಪೈ ಬುಡಕಟ್ಟಿನವರು ಮಧುಮೇಹದ ಅಧ್ಯಯನಕ್ಕೆಂದು ಕೊಟ್ಟ ರಕ್ತವನ್ನು ಬೇರೆ ಸಂಶೋಧನೆಗಳಿಗೂ ಬಳಸಲಾಗಿತ್ತು. 2010ರ ರಾಜಿಯಲ್ಲಿ ಅರಿಜೋನಾ ರಾಜ್ಯದ ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿ 7 ಲಕ್ಷ ಡಾಲರ್ ಕೊಟ್ಟು ಮಾದರಿಗಳನ್ನು ಮರಳಿಸಿತು. ಸಂಶೋಧನೆಯ ಒಪ್ಪಿಗೆ ಬೇರೆ, ಚಿಕಿತ್ಸೆಯ ಒಪ್ಪಿಗೆ ಬೇರೆ. ಬೇಡವೆಂದಾದರೆ ಆ ಸಾಲು ಹೊಡೆದುಹಾಕಿ, ಪಕ್ಕದಲ್ಲಿ ಚಿಕ್ಕ ಸಹಿ ಮಾಡಿ, ಪ್ರತಿ ಕೇಳಿ ಪಡೆಯಿರಿ. ಬೇಡ ಎಂದಿದ್ದಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ.